ಡೀಸೆಲ್ ವಾಹನದ ಟರ್ಬೊ ಆಗಾಗ ಕೈಕೊಡುವುದೇಕೆ? ಪತ್ತೆ ಹಚ್ಚುವ ಕ್ರಮ

ಶಿರಾಡಿ ಘಾಟಿಯ ಏರು. ಮುಂದೆ ತೆವಳುತ್ತಿರುವ ಲಾರಿಯನ್ನು ಹಿಂದಿಕ್ಕಲೆಂದು ಆಕ್ಸಿಲರೇಟರ್ ಒತ್ತುತ್ತೀರಿ. ಅರ್ಧ ದಾಟುವಷ್ಟರಲ್ಲಿ ಎಂಜಿನ್ನಿನ ಕಸುವು ಒಮ್ಮೆಗೇ ಉಡುಗಿಹೋಗುತ್ತದೆ. ಎದುರಿನಿಂದ ಬಸ್ಸು ಬರುತ್ತಿದೆ. ಹೇಗೋ ಪಾರಾಗಿ ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿ ವಾಹನ ಸರಿಯಾಗಿಯೇ ಓಡುತ್ತದೆ. ಇಂತಹ ಸಂದರ್ಭದಲ್ಲಿ ಮಾಲೀಕನಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡೇ: ‘ಏನೂ ತೊಂದರೆಯಿಲ್ಲ’ ಅಥವಾ ‘ಟರ್ಬೊ ಹೋಗಿದೆ, ಹೊಸದು ಹಾಕಿಸಿ’. ಮೊದಲನೆಯದು ಪ್ರಾಣಕ್ಕೆ ಅಪಾಯ, ಎರಡನೆಯದು ಜೇಬಿಗೆ. ಹೊಸ ಟರ್ಬೊ ಹಾಕಿಸಿದ ಮೇಲೂ ಅದೇ ತೊಂದರೆ ಮರುಕಳಿಸಿದರೆ ಅಚ್ಚರಿಯಿಲ್ಲ. ಏಕೆಂದರೆ ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವ ಈ ದೋಷದ ಮೂಲ ಬಹಳಷ್ಟು ಸಲ ಟರ್ಬೊದೊಳಗೆ ಇರುವುದಿಲ್ಲ. ಅದಕ್ಕೆ ಜೋಡಿಸಿದ ಕೊಳವೆ, ಕವಾಟ ಅಥವಾ ತಂತಿಯಲ್ಲಿ ಇರುತ್ತದೆ.

ಕೆಲಸ ಮಾಡುವ ಬಗೆ

ಟರ್ಬೊ ಕಲ್ಪನೆಗೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಟರ್‌ಕೂಲರ್ ಮೂಲಕ ಸಿಲಿಂಡರ್‌ಗಳಿಗೆ ತಳ್ಳುತ್ತದೆ. ಸಣ್ಣ ಟರ್ಬೊಗಳ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ನಮ್ಮ ರಸ್ತೆಗಳಿಗೆ ಚಿರಪರಿಚಿತವಾದ 1248 ಸಿಸಿಯ ಫಿಯೆಟ್ ಮೂಲದ ಡೀಸೆಲ್ ಎಂಜಿನ್ನನ್ನೇ ನೋಡಿ. ಫಿಯೆಟ್‌ನಲ್ಲಿ ಮಲ್ಟಿಜೆಟ್, ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಅದು ಬಂದಿತ್ತು. 75 ಅಶ್ವಶಕ್ತಿಯ ರೂಪದಲ್ಲಿ ಸರಳ ಟರ್ಬೊ ಇದ್ದು, ಹೆಚ್ಚುವರಿ ಹೊಗೆಯನ್ನು ‘ವೇಸ್ಟ್‌ಗೇಟ್’ ಬಾಗಿಲು ಹೊರಬಿಡುತ್ತದೆ. 90 ಅಶ್ವಶಕ್ತಿಯ ರೂಪದಲ್ಲಿ ಚಕ್ರದ ಸುತ್ತಲಿನ ರೆಕ್ಕೆಗಳ ಕೋನವನ್ನೇ ಬದಲಿಸುವ ವಿಜಿಟಿ ಟರ್ಬೊ ಇದೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಹೀಗಾಗಿ ಈ ಎಂಜಿನ್ನಿನ ಮಾರುತಿ ಕಾರುಗಳೆಲ್ಲ ಇಂದು ವಯಸ್ಸಾದವು. ಅವುಗಳ ರಬ್ಬರ್ ಕೊಳವೆಗಳಿಗೂ ಅಷ್ಟೇ ವಯಸ್ಸಾಗಿದೆ.

ಮೊದಲು ಗಮನಿಸಬೇಕಾದದ್ದು

ಸ್ಪ್ಯಾನರ್ ಹಿಡಿಯುವ ಮೊದಲು ನಾಲ್ಕು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಶಕ್ತಿ ಕುಂದಿದಾಗ ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಯಾವ ಗೇರು, ಎಷ್ಟು ಸುತ್ತು? ಕಪ್ಪು ಹೊಗೆ ಅಥವಾ ‘ಸುಯ್’ ಎಂಬ ಸದ್ದು ಬಂತೇ? ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಶಕ್ತಿ ಮರಳಿತೇ?

ಕೊನೆಯ ಪ್ರಶ್ನೆ ಮುಖ್ಯವಾದದ್ದು. ಮರುಚಾಲನೆಯಿಂದ ಶಕ್ತಿ ಕೂಡಲೇ ಮರಳಿದರೆ, ಎಂಜಿನ್ ನಿಯಂತ್ರಣ ಘಟಕ (ಇಸಿಯು) ಯಾವುದೋ ಅಪಾಯ ಕಂಡು ತಾನಾಗಿ ಶಕ್ತಿಯನ್ನು ಮಿತಗೊಳಿಸಿತ್ತು ಎಂದರ್ಥ. ಇದನ್ನು ‘ಲಿಂಪ್ ಮೋಡ್’ ಎನ್ನುತ್ತಾರೆ. ಹರಿದ ಕೊಳವೆಯಾದರೋ ಕೀಲಿ ತಿರುಗಿಸಿದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ.

ಸ್ಕ್ಯಾನರ್ ಹೇಳುವುದೇನು?

ಪಿ0299 ಎಂಬ ದೋಷಸಂಖ್ಯೆ ಬಂದರೆ ಒತ್ತಡ ಕೇಳಿದ್ದಕ್ಕಿಂತ ಕಡಿಮೆಯಾಗಿದೆ. ಪಿ0234 ಬಂದರೆ ಹೆಚ್ಚಾಗಿದೆ. ಒತ್ತಡ ಹೆಚ್ಚಾದರೂ ಚಾಲಕನ ಅನುಭವಕ್ಕೆ ಬರುವುದು ಶಕ್ತಿ ಕುಸಿತವೇ. ಇಸಿಯು ಎಂಜಿನ್ನನ್ನು ಕಾಪಾಡಲು ಹಿಡಿತ ಹಾಕುವುದೇ ಇದಕ್ಕೆ ಕಾರಣ. ಸಂಖ್ಯೆಯನ್ನು ಅಳಿಸುವ ಮೊದಲು ಅದರೊಂದಿಗೆ ದಾಖಲಾಗಿರುವ ವೇಗ, ತಾಪ, ಸುತ್ತುಗಳ ವಿವರವನ್ನು ಬರೆದುಕೊಳ್ಳಬೇಕು. ಅಳಿಸಿದರೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ.

ಬಳಿಕ ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ಗಾಳಿಯ ಒತ್ತಡದ ಸಂವೇದಕವನ್ನು ಓದಿ. ಅದು ಆ ಊರಿನ ವಾಯುಮಂಡಲದ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 100 ಕಿಲೊಪಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 91. ಬಹಳ ವ್ಯತ್ಯಾಸವಿದ್ದರೆ ಸಂವೇದಕ ಮಸಿ ಹಿಡಿದಿದೆ ಅಥವಾ ಅದರ ಕನೆಕ್ಟರ್ ಸಡಿಲವಾಗಿದೆ. ಸ್ಕ್ಯಾನರ್ ತೋರಿಸುವ ಅಂಕಿಯಲ್ಲಿ ವಾಯುಮಂಡಲದ ಒತ್ತಡವೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಮಂಗಳೂರಿನಲ್ಲಿ 200 ಎಂದು ಕಂಡರೆ ಟರ್ಬೊ ಕೊಟ್ಟದ್ದು ಅದರಲ್ಲಿ ಅರ್ಧ ಮಾತ್ರ.

ಮುಂದಿನದು ಓಟದ ಪರೀಕ್ಷೆ. ನಿಂತಲ್ಲೇ ಎಂಜಿನ್ ರೊಯ್ಯೆನಿಸಿದರೆ ಪ್ರಯೋಜನವಿಲ್ಲ. ಭಾರ ಬಿದ್ದಾಗಲೇ ಟರ್ಬೊ ದುಡಿಯುವುದು. ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಓಡಿಸುತ್ತ, ‘ಕೇಳಿದ ಒತ್ತಡ’ ಮತ್ತು ‘ದೊರೆತ ಒತ್ತಡ’ಗಳನ್ನು ಒಟ್ಟಿಗೆ ದಾಖಲಿಸಬೇಕು. ಸ್ಕ್ಯಾನರ್ ನೋಡುವವರು ಬೇರೆ, ಚಾಲಕ ಬೇರೆ ಇರಲಿ. ಶಕ್ತಿ ಕುಸಿಯುವ ಕ್ಷಣಕ್ಕಿಂತ ತುಸು ಮೊದಲಿನ ಅಂಕಿಗಳೇ ನಿರ್ಣಾಯಕ.

* ದೊರೆತದ್ದು ಕೇಳಿದ್ದಕ್ಕಿಂತ ಕಡಿಮೆ: ಗಾಳಿ ಸೋರಿಕೆ, ನಿರ್ವಾತ ಸೋರಿಕೆ, ತೆರೆದೇ ಉಳಿದ ರೆಕ್ಕೆ ಅಥವಾ ವೇಸ್ಟ್‌ಗೇಟ್, ಮುಚ್ಚಿಕೊಳ್ಳದ ಇಜಿಆರ್ ಕವಾಟ, ಕಟ್ಟಿಕೊಂಡ ಸೈಲೆನ್ಸರ್ ಮಾರ್ಗ.
* ದೊರೆತದ್ದು ಹೆಚ್ಚಾಗಿ ನಂತರ ಕುಸಿದಿದೆ: ಮಸಿಯಿಂದ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡ ರೆಕ್ಕೆಗಳು ಅಥವಾ ಕೈಕೊಡುತ್ತಿರುವ ನಿಯಂತ್ರಣ ಕವಾಟ.
* ಎರಡೂ ಸಮನಾಗಿವೆ, ಶಕ್ತಿ ಮಾತ್ರ ಇಲ್ಲ: ಟರ್ಬೊವನ್ನು ಬಿಟ್ಟು ಇಂಧನದ ಕಡೆ ನೋಡಿ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣ.
* ಕೇಳಿದ ಒತ್ತಡವೇ ತೀರಾ ಕಡಿಮೆ: ಬೇರೊಂದು ದೋಷದಿಂದ ಇಸಿಯು ಮೊದಲೇ ಹಿಡಿತ ಹಾಕಿದೆ.

ಅಗ್ಗದಿಂದ ದುಬಾರಿಯ ಕಡೆಗೆ

ಏರ್ ಫಿಲ್ಟರ್ ಮತ್ತು ಗಾಳಿಯ ಕೊಳವೆಗಳಿಂದ ಆರಂಭಿಸಿ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳ ಕೆಳಭಾಗದ ಸೀಳು ನಿಂತ ವಾಹನದಲ್ಲಿ ಮುಚ್ಚಿಕೊಂಡಿದ್ದು, ಒತ್ತಡ ಏರಿದಾಗ ಮಾತ್ರ ಬಾಯ್ದೆರೆಯುತ್ತದೆ. ದೋಷ ಆಗಾಗ ಮಾತ್ರ ಕಾಣಿಸಿಕೊಳ್ಳುವ ಗುಟ್ಟುಗಳಲ್ಲಿ ಇದೂ ಒಂದು. ಹೋಸ್‌ನ ಹೊರಗೆ ಹಸಿ ಎಣ್ಣೆಯ ಕಲೆ ಕಂಡಲ್ಲಿ ಅನುಮಾನಿಸಿ. ಮಾರ್ಗದ ಬಾಯಿ ಮುಚ್ಚಿ, ರೆಗ್ಯುಲೇಟರ್ ಮೂಲಕ ಒಂದು ಬಾರ್‌ಗಿಂತ ಕಡಿಮೆ ಒತ್ತಡದ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ತಾಣವನ್ನು ತೋರಿಸುತ್ತವೆ. ಒಳಗೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಎಂಜಿನ್ನಿನ ಉಸಿರಾಟದ ಕೊಳವೆಯಿಂದ ಅಷ್ಟು ಬರುವುದು ಸಹಜ.

ಎರಡನೆಯದು ನಿರ್ವಾತ ವ್ಯವಸ್ಥೆ. ಆ ಪೀಳಿಗೆಯ ಬಹುತೇಕ ವಿಜಿಟಿ ಟರ್ಬೊಗಳ ರೆಕ್ಕೆಗಳನ್ನು ಎಳೆಯುವುದು ವ್ಯಾಕ್ಯೂಮ್. ಅದು ಸೋರಿದರೆ ರೆಕ್ಕೆಗಳು ತೆರೆದೇ ಉಳಿದು ಒತ್ತಡ ಏರುವುದಿಲ್ಲ. ಸಣ್ಣ ಕೊಳವೆಗಳು ಬಿಸಿಗೆ ಬಿರಿಯುತ್ತವೆ. ಕೈಪಂಪಿನಿಂದ ಆಕ್ಚುಯೇಟರ್‌ಗೆ ವ್ಯಾಕ್ಯೂಮ್ ಕೊಟ್ಟಾಗ ಕಡ್ಡಿ ತಡೆಯಿಲ್ಲದೆ ಸರಿದು, ಹಾಗೆಯೇ ನಿಂತು, ಬಿಟ್ಟಾಗ ಮರಳಬೇಕು. ತಾನಾಗಿ ಜಾರಿದರೆ ಡಯಾಫ್ರಮ್ ಹರಿದಿದೆ. ತಡೆದು ತಡೆದು ಸರಿದರೆ ರೆಕ್ಕೆಗಳಲ್ಲಿ ಮಸಿ ಕಟ್ಟಿದೆ. ಎಂಜಿನ್ ಬಿಸಿಯಾದಾಗಲೂ ಈ ಪರೀಕ್ಷೆ ಮಾಡಬೇಕು. ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಪಂಪ್ ಅಥವಾ ಮುಖ್ಯ ಕೊಳವೆಯನ್ನೇ ಶಂಕಿಸಬೇಕು. ಅಂತಹ ವಾಹನವನ್ನು ಓಡಿಸಲೇಬೇಡಿ.

ಮೂರನೆಯದು ಸೊಲೆನಾಯ್ಡ್ ಕವಾಟ ಮತ್ತು ತಂತಿಗಳು. ಬಿಸಿಯಾದಾಗ ಮಾತ್ರ ಕೈಕೊಡುವ ಕವಾಟ, ಪಾಚಿಗಟ್ಟಿದ ಕನೆಕ್ಟರ್‌ಗಳು ಇಲ್ಲಿ ಸಿಗುತ್ತವೆ.

ಟರ್ಬೊವನ್ನು ಕಳಚುವುದು ಕೊನೆಯ ಹೆಜ್ಜೆ. ದಂಡ ಅಡ್ಡಡ್ಡ ತುಸು ಅಲುಗಿದರೆ ಸಹಜ. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಆಡಿದರೆ, ಚಕ್ರ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ನಿಜಕ್ಕೂ ಹೋಗಿದೆ. ಆಗಲೂ ಎಣ್ಣೆ ಪೂರೈಸುವ ನಾಳವನ್ನು ಪರೀಕ್ಷಿಸದೆ ಹೊಸದನ್ನು ಕೂಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಎಚ್ಚರಿಕೆ

ನೀಲಿ ಹೊಗೆ ದಟ್ಟವಾಗಿ, ಎಂಜಿನ್ ಎಣ್ಣೆ ಬೇಗ ಇಳಿಯುತ್ತಿದ್ದರೆ ವಾಹನವನ್ನು ಓಡಿಸಬೇಡಿ. ಸೋರಿದ ಎಣ್ಣೆಯನ್ನೇ ಉರಿಸುತ್ತ ಡೀಸೆಲ್ ಎಂಜಿನ್ ಹಿಡಿತ ತಪ್ಪಿ ಓಡಬಹುದು. ಆಗ ಕೀಲಿ ತೆಗೆದರೂ ನಿಲ್ಲದು. ವಾಹನ ನಿಂತಲ್ಲಿ ಹೀಗಾದರೆ ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಕಟ್ಟಿಹಾಕಬೇಕು.

ಕಂಪನಿ ಸೂಚಿಸಿದ ದರ್ಜೆಯ ಎಣ್ಣೆಯನ್ನು ಸಕಾಲದಲ್ಲಿ ಬದಲಿಸುವುದು, ಘಾಟಿ ಏರಿ ನಿಂತಾಗ ಒಂದು ನಿಮಿಷ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಡುವುದು ಟರ್ಬೊದ ಆಯುಷ್ಯ ಹೆಚ್ಚಿಸುತ್ತವೆ. ದೋಷ ಪತ್ತೆಯಾಗುವವರೆಗೆ ಮಾತ್ರ ಒಂದು ನಿಯಮ ಪಾಲಿಸಿ: ಎಷ್ಟೇ ತಡವಾದರೂ ಇಂತಹ ವಾಹನದಲ್ಲಿ ಎದುರು ಸಂಚಾರವಿರುವ ರಸ್ತೆಯಲ್ಲಿ ಮತ್ತೊಂದು ವಾಹನವನ್ನು ಹಿಂದಿಕ್ಕಲು ಹೋಗಬೇಡಿ.