ತಿಮ್ಮೋಜ: ಗೋವೆಗೆ ದಾರಿ ತೋರಿದ ಹೊನ್ನಾವರದ ನೌಕಾ ನಾಯಕ

ವಿಜಯನಗರ ಕಾಲದ ಕನ್ನಡ ಕರಾವಳಿಯಲ್ಲಿ ಹೆಸರಾಗಿದ್ದ ನೌಕಾ ನಾಯಕ ತಿಮ್ಮೋಜ. ತಿಮ್ಮಯ್ಯ ಎಂಬ ಹೆಸರೂ ಬಳಕೆಯಲ್ಲಿದೆ. ಶರಾವತಿ ಕಡಲು ಸೇರುವ ಹೊನ್ನಾವರ ಈತನ ನೆಲೆ. ಪೋರ್ಚುಗೀಸ್ ಚರಿತ್ರಕಾರರು ಈತನನ್ನು ಕಡಲ್ಗಳ್ಳನೆಂದು ಕರೆದರು; ಆದರೆ ಈತನ ನೆರವಿನಿಂದಲೇ ಅವರಿಗೆ ಗೋವೆ ದಕ್ಕಿತು.

1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದುಕೊಂಡ. ವಿಜಯನಗರದ ಅಶ್ವದಳಕ್ಕೆ ಬೇಕಾದ ಅರಬ್ಬಿ ಕುದುರೆಗಳಿಗೆ ಆ ಬಳಿಕ ಹೊನ್ನಾವರ ಮತ್ತು ಭಟ್ಕಳ ಬಂದರುಗಳೇ ಮುಖ್ಯ ಆಸರೆಯಾದವು. ಗೋವೆಗೆ ಹೊರಟ ಹಡಗುಗಳನ್ನು ಅಡ್ಡಗಟ್ಟಿ ಈ ಬಂದರುಗಳತ್ತ ತಿರುಗಿಸುವುದು ತಿಮ್ಮೋಜನ ಕೆಲಸವಾಗಿತ್ತು.

1498ರಲ್ಲಿ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿದ್ದ ವಾಸ್ಕೋ ಡ ಗಾಮನ ಹಡಗುಗಳತ್ತ ತಿಮ್ಮೋಜನ ದೋಣಿಗಳು ಸಾಗಿದವು. ಫಿರಂಗಿಗಳ ಹೊಡೆತಕ್ಕೆ ಹಿಂದೆ ಸರಿಯಬೇಕಾಯಿತು. 1505ರಲ್ಲಿ ವೈಸ್‌ರಾಯ್ ಅಲ್ಮೇಡ ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ ಇಡಿಸಿದಾಗ ಸಂಧಾನಕ್ಕೆ ಮುಂದಾದವನೂ ತಿಮ್ಮೋಜನೇ. ಎದುರಿಸಲಾಗದ ಶತ್ರುವನ್ನು ಮಿತ್ರನನ್ನಾಗಿ ಮಾಡಿಕೊಳ್ಳುವ ನೀತಿ ಅಲ್ಲಿಂದ ಶುರುವಾಯಿತು.

1510ರ ಆರಂಭದಲ್ಲಿ ಅಫೋನ್ಸೊ ದ ಅಲ್ಬುಕರ್ಕ್ ಸುಮಾರು 23 ಹಡಗುಗಳೊಂದಿಗೆ ಕೆಂಪು ಸಮುದ್ರದತ್ತ ಹೊರಟಿದ್ದ. ಗೋವೆಯಲ್ಲಿ ಬಿಜಾಪುರದ ಕಾವಲು ದುರ್ಬಲವಾಗಿದೆ, ತೆರಿಗೆಯಿಂದ ಜನ ಬೇಸತ್ತಿದ್ದಾರೆ, ಅಲ್ಲಿ ಪೋರ್ಚುಗೀಸರ ವಿರುದ್ಧ ಹೊಸ ಹಡಗುಗಳು ಸಿದ್ಧವಾಗುತ್ತಿವೆ ಎಂದು ತಿಮ್ಮೋಜ ಅವನಿಗೆ ತಿಳಿಸಿದ. ಅಲ್ಬುಕರ್ಕ್ ದಾರಿ ಬದಲಿಸಿದ. ಫೆಬ್ರವರಿಯಲ್ಲಿ ಪಣಜಿಯ ಕೋಟೆ ಬಿದ್ದಿತು. ನಗರ ಹೆಚ್ಚಿನ ಕಾಳಗವಿಲ್ಲದೆ ಶರಣಾಯಿತು.

ವರ್ಷಕ್ಕಿಷ್ಟು ಎಂದು ಕಪ್ಪ ಪಡೆದು ಗೋವೆಯನ್ನು ತನಗೇ ಒಪ್ಪಿಸುವರೆಂಬುದು ತಿಮ್ಮೋಜನ ನಿರೀಕ್ಷೆಯಾಗಿತ್ತು. ಅಲ್ಬುಕರ್ಕ್ ಒಪ್ಪಲಿಲ್ಲ. ದಕ್ಕಿದ್ದು ಕಂದಾಯ ವಸೂಲಿಯ ಹೊಣೆ ಮಾತ್ರ.

ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಮರಳಿ ಬಂದಿತು. ನಗರ ತೊರೆದ ಪೋರ್ಚುಗೀಸರು ಆಗಸ್ಟ್‌ವರೆಗೆ ಮಾಂಡೋವಿ ನದಿಯ ಹಡಗುಗಳಲ್ಲೇ ಮಳೆಗಾಲ ಕಳೆದರು. ನವೆಂಬರ್ 25ರಂದು ಅವರು ಗೋವೆಯನ್ನು ಮತ್ತೆ ಗೆದ್ದು, ಅಲ್ಲಿನ ಮುಸ್ಲಿಂ ನಿವಾಸಿಗಳ ಸಾಮೂಹಿಕ ಹತ್ಯೆ ನಡೆಸಿದರು. ತಿಮ್ಮೋಜನ ಪಡೆ ತಲುಪುವಷ್ಟರಲ್ಲಿ ಕಾಳಗ ಮುಗಿದಿತ್ತು. ಆ ಬಳಿಕ ಕಂದಾಯದ ಅಧಿಕಾರವೂ ಹೊನ್ನಾವರದ ಅರಸು ಮನೆತನದ ಮಲ್ಹಾರರಾವ್ ಪಾಲಾಯಿತು.

ಬಿಜಾಪುರವನ್ನು ಹೊರಗಟ್ಟಲು ತಿಮ್ಮೋಜ ಕರೆತಂದವರು ಗೋವೆಯನ್ನು ಬಿಟ್ಟುಹೋದದ್ದು 451 ವರ್ಷಗಳ ನಂತರ, 1961ರ ಡಿಸೆಂಬರ್‌ನಲ್ಲಿ.