ಗ್ರೀನಿಚ್ ವೇಧಶಾಲೆಯ ಅರ್ಧ ಸೆಕೆಂಡು

1796ನೆಯ ಇಸವಿಯ ಆರಂಭದಲ್ಲಿ ಗ್ರೀನಿಚ್ ವೇಧಶಾಲೆಯಿಂದ ಡೇವಿಡ್ ಕಿನ್ನೆಬ್ರುಕ್ ಎಂಬ ತರುಣ ಸಹಾಯಕನನ್ನು ಕೆಲಸದಿಂದ ಬಿಡಿಸಲಾಯಿತು. ನಕ್ಷತ್ರಗಳು ಮಧ್ಯಾಹ್ನರೇಖೆಯನ್ನು ದಾಟುವ ಕಾಲವನ್ನು ಆತನು, ವೇಧಶಾಲೆಯ ಮುಖ್ಯಸ್ಥನಾದ ನೆವಿಲ್ ಮಾಸ್ಕೆಲಿನ್ ಬರೆಯುತ್ತಿದ್ದುದಕ್ಕಿಂತ ತಡವಾಗಿ ಬರೆಯುತ್ತಿದ್ದನೆಂಬುದೇ ಆತನ ಅಪರಾಧ. 1795ರ ಆಗಸ್ಟಿನಲ್ಲಿ ಅರ್ಧ ಸೆಕೆಂಡಿನಷ್ಟಿದ್ದ ಈ ಅಂತರವು, ಎಚ್ಚರಿಕೆ ಕೊಟ್ಟ ಮೇಲೆಯೂ ತಗ್ಗದೆ, ಜನವರಿಯ ವೇಳೆಗೆ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲಿಗೆ ಏರಿತ್ತು.

ಅಂದಿನ ವೇಧಕ್ರಮವನ್ನು ಬಲ್ಲವರಿಗೆ ಇದು ಸೋಜಿಗವೆನಿಸದು. ವೀಕ್ಷಕನು ಮೊದಲು ಗಡಿಯಾರವನ್ನು ನೋಡಿ ಸೆಕೆಂಡನ್ನು ಗುರುತಿಸಿಕೊಂಡು, ಕಣ್ಣನ್ನು ದೂರದರ್ಶಕಕ್ಕೆ ಹಚ್ಚಿ, ಲೋಲಕದ ಬಡಿತಗಳನ್ನು ಕಿವಿಯಿಂದಲೇ ಎಣಿಸುತ್ತ, ನೋಟದಲ್ಲಿ ನೆಟ್ಟಗೆ ಬಿಗಿದ ಎಳೆಯೊಂದನ್ನು ನಕ್ಷತ್ರವು ದಾಟುವುದಕ್ಕೆ ಮುಂಚಿನ ಬಡಿತದಲ್ಲಿ ಎಲ್ಲಿದ್ದಿತು, ದಾಟಿದ ನಂತರದ ಬಡಿತದಲ್ಲಿ ಎಲ್ಲಿಗೆ ಬಂದಿತು ಎಂಬೆರಡು ಸ್ಥಾನಗಳನ್ನು ಸ್ಮೃತಿಯಲ್ಲಿ ಹಿಡಿದಿಟ್ಟು, ಆ ನಡುವಣ ಅಂತರವನ್ನು ಮನಸ್ಸಿನಲ್ಲಿಯೇ ಭಾಗಿಸಿ, ಸೆಕೆಂಡಿನ ದಶಾಂಶವನ್ನು ನಿರ್ಣಯಿಸಬೇಕಾಗಿದ್ದಿತು. ಕಣ್ಣು, ಕಿವಿ, ನೆನಪು ಮೂರೂ ಕೂಡಿ ಹೆತ್ತ ಸಂಖ್ಯೆಯನ್ನು ಆಕಾಶವೇ ಕೊಟ್ಟಿತೆಂದು ಭಾವಿಸಿದ್ದರು. ಕಾಲದ ಒಂದು ಸೆಕೆಂಡೆಂದರೆ ಭೂಮಧ್ಯರೇಖೆಯ ಮೇಲೆ ಸುಮಾರು 460 ಮೀಟರುಗಳಷ್ಟು ರೇಖಾಂಶದ ಅಂತರವಾದುದರಿಂದ, ನಾವಿಕರಿಗಾಗಿ ಪಂಚಾಂಗ ಸಿದ್ಧಪಡಿಸುತ್ತಿದ್ದ ಮಾಸ್ಕೆಲಿನ್ ಈ ವಿಷಯದಲ್ಲಿ ಕಠೋರನಾದುದು ಸಹಜ. ಆದರೆ ತಪ್ಪು ಸಹಾಯಕನದೇ ಎನ್ನುವುದಕ್ಕೆ ಆತನ ಕೈಯಲ್ಲಿದ್ದ ಪ್ರಮಾಣ ಆತನ ಸ್ವಂತ ಕಣ್ಣೊಂದೇ; ಆ ಕಣ್ಣನ್ನು ಅಳೆದು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಆ ಯೋಚನೆ ಬಂದುದು ಕೋನಿಗ್ಸ್‌ಬರ್ಗಿನ ಖಗೋಳಜ್ಞ ಬೆಸೆಲನಿಗೆ. ಶ್ರದ್ಧಾವಂತನೊಬ್ಬನು ಎಚ್ಚರಿಸಿದ ಮೇಲೆಯೂ ತಿದ್ದಿಕೊಳ್ಳಲಾರದೆ ಹೋದನೆಂದರೆ ಅದಕ್ಕೆ ಅಲಕ್ಷ್ಯವು ಕಾರಣವಾಗಿರಲಾರದೆಂದು ಬಗೆದ ಆತನು, ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡು, ವಾಲ್‌ಬೆಕ್ ಎಂಬ ವಿದ್ವಾಂಸನೊಡನೆ ಅವವೇ ನಕ್ಷತ್ರಗಳನ್ನು ವೀಕ್ಷಿಸಿದನು. ನುರಿತ ಈ ಇಬ್ಬರ ನಡುವೆ ಅಂತರವು ಸುಮಾರು ಒಂದು ಸೆಕೆಂಡು, ಎಂದರೆ ಕಿನ್ನೆಬ್ರುಕನದಕ್ಕಿಂತಲೂ ಹೆಚ್ಚು! 1823ರಲ್ಲಿ ಅಚ್ಚಾದ ಈ ಫಲಿತಾಂಶದಿಂದ ಇಬ್ಬರಲ್ಲಿ ಯಾರು ಸರಿಯೆಂಬುದು ತಿಳಿಯಲಿಲ್ಲ, ತಿಳಿದುದು ಅಂತರವೊಂದೇ. ಅಷ್ಟೇ ಸಾಕಾಯಿತು. ಒಬ್ಬೊಬ್ಬ ವೀಕ್ಷಕನಿಗೂ ಅವನದೇ ಆದ ಓರೆಯುಂಟೆಂದು ಒಪ್ಪಿ, ಅದನ್ನು ಇತರರೊಡನೆ ಹೋಲಿಸಿ ಅಳೆದು, ಗಣನೆಯಲ್ಲಿ ಕಳೆಯುವ ಪದ್ಧತಿಯು ‘ವೈಯಕ್ತಿಕ ಸಮೀಕರಣ’ವೆಂಬ ಹೆಸರಿನಿಂದ ವೇಧಶಾಲೆಗಳಲ್ಲಿ ನೆಲೆಗೊಂಡಿತು, ಮುಂದೆ ವಿದ್ಯುತ್ತಿನಿಂದ ಕಾಲವನ್ನು ಗುರುತಿಸುವ ಯಂತ್ರಗಳು ಬಂದಾಗಲೂ ಓರೆಯು ಕಿರಿದಾಯಿತೇ ಹೊರತು ಅಳಿಯಲಿಲ್ಲ.

ಮಾಸ್ಕೆಲಿನನಿಗೆ ಸಲ್ಲಬೇಕಾದ ಮಾನವೂ ಒಂದುಂಟು. ಸಹಾಯಕನು ಪರಿಶ್ರಮಿಯೆಂಬುದನ್ನೂ, ಆತನನ್ನು ಮನಸ್ಸಿಲ್ಲದೆ ಬಿಡಿಸಬೇಕಾಯಿತೆಂಬುದನ್ನೂ, ಅಂತರದ ಅಂಕಿಗಳನ್ನೂ ಆತನು ವೇಧಶಾಲೆಯ ಪ್ರಕಟಿತ ದಾಖಲೆಯಲ್ಲಿ ಮರೆಮಾಚದೆ ಬರೆದಿಟ್ಟನು. ಅದಿಲ್ಲದಿದ್ದರೆ ಬೆಸೆಲನ ಪ್ರಶ್ನೆಗೆ ಆಸ್ಪದವೇ ಇರುತ್ತಿರಲಿಲ್ಲ. ಕಿನ್ನೆಬ್ರುಕನಾದರೋ 1802ರಲ್ಲಿಯೇ ತೀರಿಕೊಂಡಿದ್ದನು. ತಾನು ನಿರಪರಾಧಿಯೆಂಬುದು ಆತನಿಗೆ ತಿಳಿಯಲೇ ಇಲ್ಲ.