ಹಲಸೂರು ಕೆರೆಲಿ ಒಂದು ದೋಣಿ ಸವಾರಿ

ಮಗಳು ಸಣ್ಣ ಇಪ್ಪಗ ಒಂದು ಆಯಿತ್ಯವಾರ ಬೆಂಗ್ಳೂರಿನ ಹಲಸೂರು ಕೆರೆಗೆ ದೋಣಿಲಿ ಕೂಪಲೆ ಕರಕ್ಕೊಂಡು ಹೋಗಿತ್ತಿದ್ದೆ. ದ್ವೀಪದ ಹತ್ತರೆ ತಿರುಗುವಗ ಕೇಳಿತ್ತು, "ಅಪ್ಪಾ, ದೋಣಿ ಬಿಡ್ಲೆ ಹೇಳಿ ಇಷ್ಟು ದೊಡ್ಡ ಕೆರೆ ತೋಡಿದವಾ?"

ಅಲ್ಲ ಮಗಳೇ. ಇದು ಹತ್ತರೆ ದೊಡ್ಡ ಹೊಳೆ ಇಲ್ಲದ್ದ ಊರು. ಮಳೆನೀರು ಹಿಡುದು ಮಡುಗಿರೆ ಕುಡಿವಲೂ ಗೆದ್ದಗೂ ನೀರು. ಒಂದು ಕೆರೆ ತುಂಬಿರೆ ಕೋಡಿಲಿ ಹರುದು ಕೆಳಾಣ ಕೆರೆಗೆ. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ದೂ ದಂಡುಪ್ರದೇಶದ ನೀರಿಂಗೇ. 1890ರ ದಶಕಲ್ಲಿ ಹೆಸರಘಟ್ಟದ ನೀರು ಕೊಳವೆಲಿ ಬಂತು, ಮತ್ತೆ ಊರೊಳಾಣ ಕೆರೆಯ ಹಂಗು ಆರಿಂಗೆ? ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆತು, ಕರಗದ ಪೂಜೆಗೆ ಒಂದು ತುಂಡು ಒಳುದತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟೇಂಡು ಆತು. ಕೆಲಸಕ್ಕೆ ಹೇಳಿ ಟ್ರಂಕು ಹಿಡ್ಕೊಂಡು ಬಂದ ಆನು ಇಳುದ್ದು ಆ ಕೆರೆಯ ಹೊಟ್ಟೆಗೇ, ಆರೂ ಹೇಳಿದ್ದವಿಲ್ಲೆ. ಹಲಸೂರು, ಸ್ಯಾಂಕಿ ಒಳುದವು, ಆದರೆ ಕುಡಿವ ನೀರಿನ ಕೆಲಸ ಹೋಗಿ ಆಟದ ಕೆಲಸ ಬಂತು.

"ನಮ್ಮ ಮನೆ ಅಡಿಲಿಯೂ ಕೆರೆ ಇತ್ತಾ?"

ಮಳೆಗಾಲಲ್ಲಿ ನಮ್ಮ ಬೀದಿಲಿ ಮೊಳಪ್ಪುವರೆಗೆ ನೀರು ನಿಂಬದು ನೆಂಪಾತು. ಅಷ್ಟಪ್ಪಗ ದೋಣಿಯವ ಹೊತ್ತಾತು ಹೇಳಿ ದಡಕ್ಕೆ ತಿರುಗಿಸಿದ.